ಆರಿದ ದೀಪ, ಹಚ್ಚದ ದೀಪ: ‘ಟ್ರೋಪ್’ ಎಂದರೆ ಏನು?

ಪ್ರಶ್ನೆ: ನಾನು ಕನ್ನಡ ಎಂ.ಎ. ಓದುತ್ತಿದ್ದೇನೆ. ‘ಟ್ರೋಪ್’ ಎಂದರೆ ರೂಪಕದಂಥ ಅಲಂಕಾರ ಎಂದು ತರಗತಿಯಲ್ಲಿ ಹೇಳಿಕೊಟ್ಟರು. ಆದರೆ ಸಿನಿಮಾ ವಿಮರ್ಶೆಗಳಲ್ಲಿ ‘ಅದೇ ಹಳೇ ಟ್ರೋಪ್’ ಎಂದು ಬೈಯುವುದನ್ನೇ ಓದುತ್ತೇನೆ. ಎರಡೂ ಒಂದೇನಾ? ಕನ್ನಡದಲ್ಲಿ ಇದಕ್ಕೆ ಏನನ್ನಬೇಕು? ಇನ್ನೊಂದು ವಿಷಯ. ನಾನು ಒಂದು ಕಿರುಚಿತ್ರಕ್ಕೆ ಕತೆ ಬರೆದಿದ್ದೇನೆ. ಅದರಲ್ಲಿ ಅಪ್ಪ ತೀರಿಕೊಂಡಾಗ ದೇವರ ಮನೆಯ ದೀಪ ಆರಿಹೋಗುತ್ತದೆ. ‘ಇದು ಸವೆದುಹೋದ ಟ್ರೋಪ್, ತೆಗೆದುಬಿಡು’ ಎಂದು ಗೆಳತಿ ಹೇಳಿದಳು. ತೆಗೆಯಲೇಬೇಕಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ದೀಪ ತೆಗೆಯಬೇಡಿ. ಆದರೆ ಈಗಿರುವ ಹಾಗೇ ಬಿಡಲೂ ಬೇಡಿ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ದೂರ ಹೋಗಿ ಬರಬೇಕು.

ಚಿಕ್ಕವನಿದ್ದಾಗ ಅಜ್ಜಿಯ ಜೊತೆ ಟೆಂಟ್ ಸಿನಿಮಾಕ್ಕೆ ಹೋಗುತ್ತಿದ್ದೆ. ನೆಲದ ಟಿಕೆಟ್ಟು. ಮರಳನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುತ್ತಿದ್ದೆವು. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಪರದೆಯ ಮೇಲೆ ಗೋಡೆಯ ಫೋಟೋಕ್ಕೆ ಹಾರ ಕಂಡರೆ ಸಾಕು, ‘ಪಾಪ, ಆ ಹುಡುಗನಿಗೆ ಅಪ್ಪ ಇಲ್ಲ’ ಅನ್ನುತ್ತಿದ್ದಳು. ನಾಯಕಿ ಮಾವಿನಕಾಯಿ ಕಚ್ಚಿದರೆ ಪಕ್ಕದವರ ಕಡೆ ತಿರುಗಿ ನಗುತ್ತಿದ್ದಳು. ದೇವರ ಮುಂದಿನ ದೀಪ ಗಾಳಿಗೆ ಹೊಯ್ದಾಡಿದರೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು ‘ಇನ್ನು ಅವಳು ಉಳಿಯಲ್ಲ ಕಣೋ’ ಅನ್ನುತ್ತಿದ್ದಳು. ಯಾರೂ ಮಾತಾಡಿ ಹೇಳದೇ ಇದ್ದದ್ದು ಅವಳಿಗೆ ತಿಳಿಯುತ್ತಿತ್ತು. ಅಕ್ಷರ ಬಾರದ ಅಜ್ಜಿ ಸಿನಿಮಾವನ್ನು ನಿಜವಾಗಿ ಓದುತ್ತಿದ್ದಳು. ಅವಳು ಓದುತ್ತಿದ್ದದ್ದು ಟ್ರೋಪ್‌ಗಳನ್ನೇ.

ಮೊದಲು ಮಾತಿನ ಕಡೆ ಬರೋಣ. ‘ಟ್ರೋಪ್’ ಹುಟ್ಟಿದ್ದು ಗ್ರೀಕ್ ಭಾಷೆಯ ‘ಟ್ರೋಪೋಸ್’ನಿಂದ. ಹಾಗೆಂದರೆ ತಿರುವು. ಒಂದು ಪದ ತನ್ನ ದಿನನಿತ್ಯದ ಅರ್ಥವನ್ನು ಬಿಟ್ಟು ಇನ್ನೊಂದರ ಕಡೆ ತಿರುಗಿದರೆ ಅದು ಟ್ರೋಪ್. 1ನೇ ಶತಮಾನದಲ್ಲಿ ರೋಮ್‌ನಲ್ಲಿ ಭಾಷಣಕಲೆ ಕಲಿಸುತ್ತಿದ್ದ ಕ್ವಿಂಟಿಲಿಯನ್ ಕೂಡ ಹೆಚ್ಚುಕಡಿಮೆ ಹೀಗೇ ವಿವರಿಸಿದ್ದಾನೆ. ಇದು ಕವಿಗಳಿಗೆ ಮಾತ್ರ ಸೇರಿದ್ದು ಅಂದುಕೊಳ್ಳಬೇಡಿ. ಹೋಟೆಲ್‌ನಲ್ಲಿ ಕೂತು ಕಿವಿಗೊಡಿ. ‘ಮೂಲೆ ಟೇಬಲ್ ಮಸಾಲೆ ದೋಸೆ ಬಿಲ್ ಕೇಳ್ತಿದೆ’ ಎಂದು ಸಪ್ಲೈಯರ್ ಕೂಗುತ್ತಾನೆ. ದೋಸೆ ಎಲ್ಲಾದರೂ ಬಿಲ್ ಕೇಳುತ್ತಾ? ತಿಂದವನ ಜಾಗಕ್ಕೆ ತಿಂಡಿ ಬಂದು ಕೂತಿದೆ. ಬಸ್ಸಿನಲ್ಲಿ ಕಂಡಕ್ಟರ್ ‘ಯಾರ್ರೀ ಮೆಜೆಸ್ಟಿಕ್?’ ಅಂದರೆ ನಾವು ಕೈ ಎತ್ತುತ್ತೇವೆ. ಒಂದು ಕ್ಷಣಕ್ಕೆ ನಾವೇ ಮೆಜೆಸ್ಟಿಕ್ ಆಗಿಬಿಡುತ್ತೇವೆ.

ಈ ಮೆಜೆಸ್ಟಿಕ್ ಅನ್ನೋ ಹೆಸರು ನನಗೆ ತುಂಬ ಇಷ್ಟ. ಅದು ಮೂಲದಲ್ಲಿ ಬೆಂಗಳೂರಿನ ಒಂದು ಚಿತ್ರಮಂದಿರದ ಹೆಸರು. ಚಿತ್ರಮಂದಿರದಿಂದ ಸುತ್ತಲಿನ ಬೀದಿಗಳಿಗೆ ಹರಡಿತು. ಅಲ್ಲಿಂದ ಬಸ್ ನಿಲ್ದಾಣಕ್ಕೆ ಬಂತು. ನಿಲ್ದಾಣದಿಂದ ಅಲ್ಲಿಗೆ ಟಿಕೆಟ್ ತೆಗೆದುಕೊಂಡ ಮನುಷ್ಯನಿಗೆ ಅಂಟಿಕೊಂಡಿತು. ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿದೆ. ಚಿತ್ರಮಂದಿರ ಈಗ ಇಲ್ಲ. ಆದರೂ ಜನರ ಬಾಯಲ್ಲಿ ಅದು ಮೆಜೆಸ್ಟಿಕ್ಕೇ. ಒಂದು ಪದ ಎಷ್ಟು ಸಲ ತಿರುಗಬಹುದು ಅನ್ನುವುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನನಗೆ ಸಿಕ್ಕಿಲ್ಲ.

ತಿರುಗುವ ಬಗೆಗಳು ಬೇರೆ ಬೇರೆ. ‘ಅವಳು ನಮ್ಮ ಮನೆಯ ದೀಪ’ ಅಂದರೆ ಹೋಲಿಕೆಯ ಮೇಲೆ ತಿರುಗಿದ್ದು, ಅದು ರೂಪಕ. ಮಸಾಲೆ ದೋಸೆ ಬಿಲ್ ಕೇಳುವುದರಲ್ಲಿ ಹೋಲಿಕೆ ಇಲ್ಲ, ಹತ್ತಿರದ ಸಂಬಂಧ ಇದೆ ಅಷ್ಟೆ. ‘ನಾಲ್ಕು ಕೈ ಸೇರಿದರೆ ಕೆಲಸ ಆಗುತ್ತೆ’ ಅನ್ನುವಾಗ ಮನುಷ್ಯನ ಒಂದು ಭಾಗ ಇಡೀ ಮನುಷ್ಯನ ಪರವಾಗಿ ನಿಂತಿದೆ. ಮೋಸಗಾರನನ್ನು ಕಂಡು ‘ಬಂದ ನೋಡಪ್ಪ ಧರ್ಮರಾಯ’ ಅಂದರೆ ಮಾತು ಪೂರ್ತಿ ಉಲ್ಟಾ ತಿರುಗಿತು. ಅಮೆರಿಕದ ಚಿಂತಕ ಕೆನೆತ್ ಬರ್ಕ್ 1941ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಈ ನಾಲ್ಕನ್ನೇ ಮುಖ್ಯ ಟ್ರೋಪ್‌ಗಳೆಂದು ಎತ್ತಿ ಹೇಳಿದ. ನಿಮ್ಮ ತರಗತಿಯಲ್ಲಿ ಹೇಳಿಕೊಟ್ಟದ್ದು ಈ ಅರ್ಥವನ್ನು. ಕುಮಾರವ್ಯಾಸನನ್ನು ನಾವು ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಅನ್ನುತ್ತೇವಲ್ಲ, ಆ ಸಾಮ್ರಾಜ್ಯ ಇದೇ.

ಆದರೆ ನಮ್ಮವರು ಇದನ್ನು ಇನ್ನೂ ಆಳಕ್ಕೆ ಇಳಿದು ನೋಡಿದ್ದಾರೆ. ಸಂಸ್ಕೃತ ಕಾವ್ಯಮೀಮಾಂಸೆಯಲ್ಲಿ ‘ಲಕ್ಷಣಾ’ ಎನ್ನುವ ಮಾತಿದೆ. ನೇರ ಅರ್ಥ ಹೊಂದದೇ ಹೋದಾಗ, ಅದಕ್ಕೆ ಸಂಬಂಧಪಟ್ಟ ಇನ್ನೊಂದು ಅರ್ಥವನ್ನು ಪದ ಕೊಡುವುದು. ‘ಗಂಗೆಯ ಮೇಲೆ ಹಟ್ಟಿ’ ಅನ್ನುವುದು ಅವರ ಹೆಸರಾಂತ ಉದಾಹರಣೆ. ಹರಿಯುವ ನೀರಿನ ಮೇಲೆ ಹಟ್ಟಿ ಇರಲು ಸಾಧ್ಯವಿಲ್ಲ. ಹಾಗಾಗಿ ಗಂಗೆ ಅಂದರೆ ದಡ ಅಂತ ತಿಳಿಯುತ್ತೇವೆ. ನಾವೂ ‘ಮೇನ್ ರೋಡ್ ಮೇಲೇ ನಮ್ಮ ಮನೆ’ ಅನ್ನುತ್ತೇವೆ. ರೋಡಿನ ಮೇಲೆ ಯಾರೂ ಮನೆ ಕಟ್ಟಿಲ್ಲ.

ಇಲ್ಲಿಂದ ಮುಂದಿನದ್ದು ನಿಮ್ಮ ಪ್ರಶ್ನೆಗೆ ತುಂಬ ಮುಖ್ಯ. 11ನೇ ಶತಮಾನದ ಕಾಶ್ಮೀರದ ಮಮ್ಮಟ ಲಕ್ಷಣೆಗೆ ಎರಡು ಕಾರಣ ಹೇಳುತ್ತಾನೆ. ಒಂದು ರೂಢಿ. ಇನ್ನೊಂದು ಪ್ರಯೋಜನ. ‘ಕುಶಲ’ ಎಂಬ ಪದ ನೋಡಿ. ಕುಶ ಅಂದರೆ ದರ್ಭೆ. ಕೈಗೆ ಗಾಯವಾಗದಂತೆ ದರ್ಭೆ ಕೊಯ್ಯುವವನು ಕುಶಲ ಎಂದು ಅವರು ಬಿಡಿಸುತ್ತಿದ್ದರು. ಈಗ ‘ಕುಶಲಕರ್ಮಿ’ ಅಂದಾಗ ಯಾರಿಗೂ ದರ್ಭೆ ನೆನಪಾಗುವುದಿಲ್ಲ. ಅದು ರೂಢಿ. ಆದರೆ ‘ಗಂಗೆಯ ಮೇಲೆ ಹಟ್ಟಿ’ ಹಾಗಲ್ಲ. ದಡದ ಮೇಲೆ ಅಂತಲೇ ಹೇಳಬಹುದಿತ್ತು. ಹಾಗೆ ಹೇಳಿದ್ದರೆ ನೀರಿನ ತಂಪು, ಗಂಗೆಯ ಪಾವನತೆ ಆ ಹಟ್ಟಿಗೆ ಬರುತ್ತಿರಲಿಲ್ಲ. ಅದನ್ನು ತರುವುದಕ್ಕೇ ಮಾತನ್ನು ತಿರುಗಿಸಿದ್ದು. ಅದು ಪ್ರಯೋಜನ.

ಕನ್ನಡದಲ್ಲೂ ಇಂಥದ್ದು ಬೇಕಾದಷ್ಟಿದೆ. ‘ಎಣ್ಣೆ’ ಹುಟ್ಟಿದ್ದು ಎಳ್ಳು ಮತ್ತು ನೆಯ್ ಸೇರಿ. ನೆಯ್ ಅಂದರೆ ತುಪ್ಪ. ಅಂದರೆ ಎಳ್ಳಿನ ತುಪ್ಪ. ಆಮೇಲೆ ಎಳ್ಳು ಮರೆತುಹೋಯಿತು. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ, ಕೊನೆಗೆ ನೆಲದಿಂದ ತೆಗೆದ ಸೀಮೆಎಣ್ಣೆ. ಈಗಿನ ಹುಡುಗರು ‘ಎಣ್ಣೆ ಹೊಡೆಯೋದು’ ಅಂದರೆ ಅದು ಬಾಟಲಿಯ ವಿಷಯ. ಪದ ಸುಮ್ನೆ ಕೂತಿಲ್ಲ, ಇನ್ನೂ ತಿರುಗುತ್ತಲೇ ಇದೆ. ರೂಢಿಯಾಗಿ ಮಲಗಿದ ಪದವನ್ನು ಯಾರೋ ಎಬ್ಬಿಸಿ ಮತ್ತೆ ಕೆಲಸಕ್ಕೆ ಹಚ್ಚುತ್ತಾರೆ. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ನಿಮ್ಮ ದೀಪಕ್ಕೆ ಬೇಕಾಗುತ್ತದೆ.

ಈಗ ಸಿನಿಮಾ. ಮಾತು ತಿರುಗುವ ಹಾಗೇ ಚಿತ್ರವೂ ತಿರುಗುತ್ತದೆ. ರಷ್ಯಾದ ಐಸೆನ್‌ಸ್ಟೈನ್ 1925ರ ‘ಸ್ಟ್ರೈಕ್’ ಚಿತ್ರದಲ್ಲಿ ಮುಷ್ಕರ ಹೂಡಿದ ಕಾರ್ಮಿಕರನ್ನು ಕೊಲ್ಲುವ ದೃಶ್ಯದ ನಡುನಡುವೆ ಕಸಾಯಿಖಾನೆಯಲ್ಲಿ ಎತ್ತನ್ನು ಕಡಿಯುವುದನ್ನು ಜೋಡಿಸಿದ. ಒಂದು ಮಾತೂ ಇಲ್ಲದ ಮೂಕಿ ಚಿತ್ರದಲ್ಲಿ ರೂಪಕ ಕಟ್ಟಿದ. ಚಾಪ್ಲಿನ್ 1936ರ ‘ಮಾಡರ್ನ್ ಟೈಮ್ಸ್’ ಶುರು ಮಾಡುವುದೇ ಕುರಿಮಂದೆಯಿಂದ. ಅದರ ಬೆನ್ನಿಗೇ ಕಾರ್ಖಾನೆಯತ್ತ ನುಗ್ಗುವ ಕೆಲಸಗಾರರು. ಬಿಳಿ ಕುರಿಗಳ ನಡುವೆ ಒಂದೇ ಒಂದು ಕರಿ ಕುರಿ ಇದೆ, ಗಮನಿಸಿ. ಅದು ಯಾರು ಅಂತ ಮುಂದೆ ನಿಮಗೇ ತಿಳಿಯುತ್ತದೆ.

ಐಸೆನ್‌ಸ್ಟೈನನ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ ಕೂಡ ಅದೇ 1925ರದ್ದು. ಹುಳ ಬಿದ್ದ ಮಾಂಸವನ್ನು ‘ಚೆನ್ನಾಗಿದೆ’ ಎಂದ ಹಡಗಿನ ವೈದ್ಯನನ್ನು ನಾವಿಕರು ಸಮುದ್ರಕ್ಕೆ ಎಸೆಯುತ್ತಾರೆ. ಆಮೇಲೆ ಉಳಿಯುವುದು ಹಗ್ಗಕ್ಕೆ ಸಿಕ್ಕಿ ನೇತಾಡುವ ಅವನ ಕನ್ನಡಕ. ಯಾವ ಕನ್ನಡಕ ಇಟ್ಟುಕೊಂಡು ಅವನು ಹುಳ ಕಂಡೂ ಕಾಣದವನಂತೆ ನಟಿಸಿದ್ದನೋ, ಅದೇ ಕನ್ನಡಕ. ಇದು ‘ನಾಲ್ಕು ಕೈ ಸೇರಿದರೆ’ ಅನ್ನುವ ಜಾತಿಯ ತಿರುವು. ಭಾಗ ಇಡಿಯ ಪರವಾಗಿ ನಿಂತಿದೆ. ನಮ್ಮ ಮಾಸ್ ಸಿನಿಮಾಗಳಲ್ಲಿ ನಾಯಕ ಬರುವ ರೀತಿ ನೆನಪಿಸಿಕೊಳ್ಳಿ. ಮೊದಲು ಕಾರಿನ ಬಾಗಿಲು. ಆಮೇಲೆ ನೆಲಕ್ಕೆ ಬಿದ್ದ ಬೂಟುಗಾಲು. ಆಮೇಲೆ ಕಡಗ ಹಾಕಿದ ಕೈ. ಮುಖ ಕೊನೆಗೆ. ಅದೂ ಇದೇ ವ್ಯಾಕರಣ. ಭಾಷಾತಜ್ಞ ರೋಮನ್ ಯಾಕಬ್ಸನ್ 1956ರಲ್ಲೇ ಇದನ್ನು ಗುರುತಿಸಿದ್ದ. ಹೋಲಿಕೆಯಿಂದ ತಿರುಗುವುದು, ಹತ್ತಿರದ ಸಂಬಂಧದಿಂದ ತಿರುಗುವುದು, ಈ ಎರಡು ದಾರಿ ಭಾಷೆಯಲ್ಲಿ ಇರುವಂತೆ ಸಿನಿಮಾದಲ್ಲೂ ಇವೆ ಎಂದು ಬರೆದ.

ನಮ್ಮ ಸಿನಿಮಾಗಳಿಗೆ ಇನ್ನೊಂದು ವಿಶೇಷವಿದೆ. ಅವು ಎಷ್ಟೋ ಸಲ ಕನ್ನಡದ ನುಡಿಗಟ್ಟನ್ನೇ ಚಿತ್ರ ಮಾಡಿ ತೋರಿಸುತ್ತವೆ. ‘ಸೊಸೆಯ ಕಾಲ್ಗುಣ ಚೆನ್ನಾಗಿದೆ’ ಅನ್ನುತ್ತೇವೆ. ಪರದೆಯ ಮೇಲೆ ಹೊಸ್ತಿಲ ಹತ್ತಿರ ಅಕ್ಕಿ ತುಂಬಿದ ಸೇರು, ಅದನ್ನು ಮೆಲ್ಲಗೆ ಒದೆಯುವ ಅರಿಶಿನ ಹಚ್ಚಿದ ಕಾಲು. ಮುಖ ತೋರಿಸುವುದೇ ಬೇಡ. ‘ಹಾವಿನ ದ್ವೇಷ ಹನ್ನೆರಡು ವರುಷ’ ನಮ್ಮ ಗಾದೆ. ಪುಟ್ಟಣ್ಣ ಕಣಗಾಲರು 1972ರ ‘ನಾಗರಹಾವು’ ಚಿತ್ರದಲ್ಲಿ ರಾಮಾಚಾರಿ ಎಂಬ ಸಿಟ್ಟಿನ ಹುಡುಗನನ್ನು ಆ ಗಾದೆಯ ಮೇಲೆಯೇ ನಿಲ್ಲಿಸಿದರು. ನೋಡುಗರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಗಾದೆ ಮೊದಲೇ ಮನೆಯಲ್ಲಿತ್ತು.

ಇಷ್ಟರ ಮೇಲೂ ವಿಮರ್ಶಕರು ‘ಹಳೇ ಟ್ರೋಪ್’ ಅಂದಾಗ ಅವರ ಮನಸ್ಸಿನಲ್ಲಿ ಇರುವುದು ರೂಪಕ ಅಲ್ಲ, ಅಲ್ವಾ? ಚಿಕ್ಕಂದಿನಲ್ಲಿ ಜಾತ್ರೆಯಲ್ಲಿ ಕಳೆದುಹೋದ ಅಣ್ಣತಮ್ಮ. ಕ್ಲೈಮ್ಯಾಕ್ಸ್ ಮುಗಿದ ಮೇಲೆ ಬರುವ ಪೊಲೀಸು. ಓಡುವ ಹುಡುಗನ ಕಾಲು ಓಡುತ್ತಲೇ ದೊಡ್ಡವನ ಕಾಲಾಗುವುದು. ಮತ್ತೆ ಮತ್ತೆ ಬರುವ ಕಥೆಯ ಕಟ್ಟು, ಪಾತ್ರದ ಅಚ್ಚು, ಒಪ್ಪಿಕೊಂಡ ಸಂಕೇತ, ಇವೆಲ್ಲಕ್ಕೂ ಈಗ ಟ್ರೋಪ್ ಅನ್ನುತ್ತಾರೆ. ಇಂಗ್ಲಿಷ್‌ನಲ್ಲಿ ಈ ಎರಡನೆಯ ಅರ್ಥ ಈಚೆಗೆ ಮನೆಮಾತಾದದ್ದು. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಎರಡೂ ಒಂದೇ ಅಲ್ಲ. ಆದರೆ ಒಂದೇ ಮನೆಯವು. ಒಬ್ಬ ಹೊಲದ ನಡುವೆ ತಿರುಗಿ ನಡೆದರೆ ಅದು ತಿರುವು. ಅದೇ ಜಾಗದಲ್ಲಿ ನೂರು ಜನ ತಿರುಗಿ ನಡೆದರೆ ಅಲ್ಲೊಂದು ಕಾಲುದಾರಿ ಬೀಳುತ್ತದೆ. ಮೊದಲನೆಯದು ಹಳೆಯ ಅರ್ಥದ ಟ್ರೋಪ್. ಎರಡನೆಯದು ಹೊಸ ಅರ್ಥದ್ದು.

ಈ ಕಾಲುದಾರಿಗೆ ನಮ್ಮಲ್ಲಿ ಸಾವಿರ ವರ್ಷದಿಂದ ಹೆಸರಿದೆ. ‘ಕವಿಸಮಯ’. ಇಲ್ಲಿ ಸಮಯ ಅಂದರೆ ಹೊತ್ತು ಅಲ್ಲ, ಒಪ್ಪಂದ. ಕವಿಗಳು ತಮ್ಮತಮ್ಮಲ್ಲಿ, ಮತ್ತು ಓದುಗರ ಜೊತೆ, ಮಾಡಿಕೊಂಡ ಒಪ್ಪಂದ. ಚಕೋರ ಬೆಳದಿಂಗಳು ಕುಡಿಯುತ್ತದೆ. ಹಂಸ ನೀರಿನಿಂದ ಹಾಲನ್ನು ಬೇರೆ ಮಾಡುತ್ತದೆ. ಹೆಣ್ಣಿನ ಕಾಲು ತಾಗಿದರೆ ಅಶೋಕ ಹೂಬಿಡುತ್ತದೆ. ಇದು ಸುಳ್ಳು ಅಂತ ಕವಿಗೂ ಗೊತ್ತು, ಓದುಗನಿಗೂ ಗೊತ್ತು. 10ನೇ ಶತಮಾನದಲ್ಲಿ ರಾಜಶೇಖರ ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಇವನ್ನು ಮೂರಾಗಿ ವಿಂಗಡಿಸಿದ್ದಾನೆ. ಇಲ್ಲದ್ದನ್ನು ಹೇಳುವುದು: ಹರಿಯುವ ನದಿಯಲ್ಲೂ ತಾವರೆ ಅರಳಿಸುವುದು. ಇರುವುದನ್ನು ಹೇಳದೇ ಬಿಡುವುದು: ವಸಂತದಲ್ಲಿ ಮಾಲತಿ ಹೂವಿನ ಸುದ್ದಿ ಎತ್ತದಿರುವುದು. ಎಲ್ಲ ಕಡೆ ಇರುವುದನ್ನು ಒಂದೇ ಕಡೆಗೆ ಕಟ್ಟಿಹಾಕುವುದು: ಕೋಗಿಲೆಯನ್ನು ವಸಂತದಲ್ಲಿ ಮಾತ್ರ ಕೂಗಿಸುವುದು.

ಈ ಮೂರನ್ನೂ ತಂದು ಸಿನಿಮಾದ ಪಕ್ಕ ಇಟ್ಟು ನೋಡಿ. ಎದೆ ಝಲ್ಲೆನ್ನುವಷ್ಟು ಹೊಂದುತ್ತದೆ. ನಾಯಕ, ನಾಯಕಿ ಹಾಡಿದರೆ ಹಿಂದೆ ನಲವತ್ತು ಜನ ಒಂದೇ ಬಟ್ಟೆಯಲ್ಲಿ ಕುಣಿಯುತ್ತಾರೆ, ಅದು ಇಲ್ಲದ್ದನ್ನು ಹೇಳುವುದು. ನಾಯಕ ಬಾಡಿಗೆ ಕಟ್ಟುವುದನ್ನು, ಕ್ಯೂನಲ್ಲಿ ನಿಂತು ರೇಷನ್ ತರುವುದನ್ನು ತೋರಿಸುವುದಿಲ್ಲ, ಅದು ಇರುವುದನ್ನು ಬಿಡುವುದು. ಗುಡುಗು ಸಿಡಿಲು ದಿನಾ ಬರಬಹುದು, ಆದರೆ ಸಿನಿಮಾದಲ್ಲಿ ಕೆಟ್ಟ ಸುದ್ದಿ ಬಂದಾಗಲೇ ಬರುತ್ತದೆ. ಅದು ನಮ್ಮ ಕೋಗಿಲೆ. ಹಾಗಾಗಿ ನನ್ನ ಸಲಹೆ ಇಷ್ಟು. ಭಾಷೆಯ ಟ್ರೋಪ್‌ಗೆ ‘ಮಾತಿನ ತಿರುವು’ ಅನ್ನಿ. ಸಿನಿಮಾದ ಟ್ರೋಪ್‌ಗೆ ‘ಕಥಾಸಮಯ’ ಅನ್ನಿ. ಅದು ಸವೆದು ಹೋಗಿದ್ದರೆ ‘ಸವಕಲು’ ಅನ್ನಿ, ಸವಕಲು ನಾಣ್ಯದ ಹಾಗೆ. ಟ್ರೋಪ್ ಎಂದೇ ಬರೆದರೂ ತಪ್ಪಿಲ್ಲ. ಆದರೆ ಅದನ್ನು ಬೈಗುಳ ಮಾಡಬೇಡಿ. ಒಪ್ಪಂದವೇ ಇಲ್ಲದೆ ಯಾರೂ ಯಾರಿಗೂ ಕತೆ ಹೇಳಲಾರರು.

ಸವೆಯುವುದು ಹೇಗೆ ಅನ್ನುವುದಕ್ಕೆ ಕಳೆದುಹೋದ ಮಕ್ಕಳ ಕತೆಯನ್ನೇ ತಗೊಳ್ಳಿ. ಕೊನೆಗೆ ಗುರುತು ಹಿಡಿಯುವುದು ಹೇಗೆ? ಲಾಕೆಟ್ಟು, ಕೈ ಮೇಲಿನ ಹಚ್ಚೆ, ತೊಡೆಯ ಮಚ್ಚೆ, ಅಮ್ಮ ಕಲಿಸಿದ ಹಾಡು. 1970ರ ದಶಕದ ಹಿಂದಿ, ಕನ್ನಡ ಸಿನಿಮಾಗಳಲ್ಲಿ ಇದು ಬೇಕಾದಷ್ಟಿದೆ. ಆದರೆ ದುಷ್ಯಂತನಿಗೆ ಶಕುಂತಲೆ ನೆನಪಾದದ್ದೂ ಉಂಗುರದಿಂದ. ಗ್ರೀಕರ ಒಡಿಸ್ಯೂಸ್‌ನನ್ನು ಮುದುಕಿ ದಾದಿ ಗುರುತಿಸಿದ್ದು ಕಾಲಿನ ಗಾಯದ ಕಲೆಯಿಂದ. ಅರಿಸ್ಟಾಟಲ್ ಎರಡು ಸಾವಿರದ ಮುನ್ನೂರು ವರ್ಷದ ಹಿಂದೆಯೇ ಇದರ ಬಗ್ಗೆ ಬರೆದ. ಮಚ್ಚೆ, ಕಲೆ, ಕೊರಳ ಸರದಿಂದ ಗುರುತು ಹಿಡಿಸುವುದು ಕಲೆಗಾರಿಕೆ ತೀರಾ ಕಡಿಮೆ ಇರುವ ದಾರಿ, ಕತೆಯ ಘಟನೆಗಳಿಂದಲೇ ಗುರುತು ಹುಟ್ಟಿಬಂದರೆ ಅದು ಎಲ್ಲಕ್ಕಿಂತ ಮೇಲು ಎಂದ. ಅಂದರೆ ‘ಹಳೇ ಟ್ರೋಪ್’ ಎಂಬ ದೂರು ಕೂಡ ಅಷ್ಟೇ ಹಳೆಯದು. ಶಕುಂತಲೆಯ ಉಂಗುರ ಸವಕಲಾಗದೇ ಉಳಿದಿರುವುದು ಯಾಕೆ? ಅದು ಬರೀ ಗುರುತಿನ ಚೀಟಿ ಅಲ್ಲ. ಅದನ್ನು ಕೊಟ್ಟವನೇ ಮರೆಯುತ್ತಾನೆ. ಅದು ಬೇಕಾದ ಹೊತ್ತಿಗೆ ಕಳೆದುಹೋಗುತ್ತದೆ. ಸಿಕ್ಕಿದಾಗ ಅವಳು ಅಲ್ಲಿಲ್ಲ. ನೆನಪು ಹಿಂದಕ್ಕೆ ಬಂದದ್ದೇ ಅವನಿಗೆ ಶಿಕ್ಷೆಯಾಗುತ್ತದೆ. ಉಂಗುರಕ್ಕೆ ಅಷ್ಟೂ ಕೆಲಸ ಇದೆ.

ಕನ್ನಡದಲ್ಲಿ ಇಂಥ ತಿರುವಿಗೆ ನಾನು ಯಾವಾಗಲೂ ಹೇಳುವ ಉದಾಹರಣೆ 1971ರ ‘ಕಸ್ತೂರಿ ನಿವಾಸ’. ದೊರೈ–ಭಗವಾನ್ ನಿರ್ದೇಶನ, ರಾಜಕುಮಾರ್ ನಾಯಕ. ಕೊಡುಗೈ ದೊರೆ ಎಂಬುದು ನಮ್ಮಲ್ಲಿ ಬಹಳ ಹಳೆಯ ಅಚ್ಚು. ಕರ್ಣ ಇದ್ದಾನೆ, ಬಲಿ ಇದ್ದಾನೆ, ಶಿಬಿ ಇದ್ದಾನೆ. ಶಿಬಿ ಏನು ಮಾಡಿದ? ಶರಣು ಬಂದ ಪಾರಿವಾಳವನ್ನು ಉಳಿಸಲು ತನ್ನ ಮೈಯ ಮಾಂಸವನ್ನೇ ತೂಗಿ ಕೊಟ್ಟ. ಈ ಸಿನಿಮಾದ ನಾಯಕನೂ ಕೇಳಿದವರಿಗೆ ಇಲ್ಲ ಎಂದವನಲ್ಲ. ಕೊಟ್ಟು ಕೊಟ್ಟು ಎಲ್ಲವೂ ಖಾಲಿಯಾಗಿದೆ. ಕೊನೆಗೆ ಅವನ ಹತ್ತಿರ ಉಳಿದದ್ದು ಒಂದು ಪಾರಿವಾಳ. ಮನೆಗೆ ಬಂದವಳಿಗೆ ಊಟಕ್ಕೆ ಹಾಕಬೇಕು, ಮನೆಯಲ್ಲಿ ಏನೂ ಇಲ್ಲ. ಆ ಊಟಕ್ಕಾಗಿ ಪಾರಿವಾಳವೂ ಕೈಬಿಟ್ಟು ಹೋಗುತ್ತದೆ. ಉಂಡ ಮೇಲೆ ಅವಳು ಬಾಯಿಬಿಟ್ಟು ಕೇಳುವುದು ಅದೇ ಪಾರಿವಾಳವನ್ನು. ಜೀವನದಲ್ಲಿ ಮೊದಲ ಸಲ ಅವನಿಗೆ ಕೊಡಲು ಆಗುವುದಿಲ್ಲ.

ಈ ಎಳೆ ಹೊಸದೇನಲ್ಲ. 14ನೇ ಶತಮಾನದ ಇಟಲಿಯಲ್ಲಿ ಬೊಕಾಚಿಯೋ ಬರೆದ ‘ಡೆಕಾಮೆರಾನ್’ನಲ್ಲಿ ಒಂದು ಗಿಡುಗದ ಕತೆ ಹೆಚ್ಚುಕಡಿಮೆ ಹೀಗೇ ಇದೆ. ಅಲ್ಲಿ ಕೊನೆಗೆ ಮದುವೆಯಾಗುತ್ತದೆ. ಇಲ್ಲಿ ನಾಯಕ ಸಾಯುತ್ತಾನೆ. ಯಾಕೆಂದರೆ ನಮ್ಮ ನೋಡುಗರ ಮನಸ್ಸಿನಲ್ಲಿ ಕರ್ಣ, ಶಿಬಿ ಮೊದಲೇ ಕೂತಿದ್ದಾರೆ. ಕೊಡಲಾಗದ ಕರ್ಣ ಬದುಕಿರಲಾರ. ಹಳೇ ಅಚ್ಚನ್ನು ಬಿಸಾಕಿಲ್ಲ, ಅದನ್ನು ತಿರುಗಿಸಿದ್ದಾರೆ. ಶಿಬಿ ಹಕ್ಕಿಯನ್ನು ಉಳಿಸಿ ದಾನಿಯಾದ. ಇವನು ದಾನಿಯಾಗಿ ಉಳಿಯಲು ಹೋಗಿ ಹಕ್ಕಿ ಕಳೆದುಕೊಂಡ. ಆ ಸಿನಿಮಾದ ಬೊಂಬೆಯ ಹಾಡೂ ಹಾಗೇ. ಎಷ್ಟು ಉರುಳಿಸಿದರೂ ಎದ್ದು ನಿಲ್ಲುವ ಬೊಂಬೆ. ಒಂದು ಸಲ ಸಂತೋಷದಲ್ಲಿ ಬರುತ್ತದೆ, ಇನ್ನೊಂದು ಸಲ ದುಃಖದಲ್ಲಿ. ಬೊಂಬೆ ಅದೇ, ರಾಗ ಅದೇ. ಎರಡನೆಯ ಸಲ ಕೇಳುವಾಗ ಗಂಟಲು ಕಟ್ಟುತ್ತದೆ. ರೂಢಿ ಮತ್ತು ಪ್ರಯೋಜನದ ನಡುವಿನ ದೂರ ಇಷ್ಟೇ ನೋಡಿ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ದೀಪ ಸವೆದರೆ ದೀಪಕ್ಕೆ ನೋವಾಗುವುದಿಲ್ಲ. ಮನುಷ್ಯರನ್ನು ಅಚ್ಚಿಗೆ ಹಾಕಿದರೆ ನೋವಾಗುತ್ತದೆ. ಹುಬ್ಬಳ್ಳಿ, ಕಲಬುರ್ಗಿ ಕಡೆಯ ಮಾತು ಕೇಳಿಸಿದರೆ ನಗಬೇಕು ಎಂದು ನಮ್ಮ ಎಷ್ಟೋ ಸಿನಿಮಾಗಳು ಕಲಿಸಿವೆ. ಮಂಗಳೂರಿನವನು ಪುಸ್ತಕದ ಭಾಷೆ ಮಾತಾಡಿ ನಗಿಸುವುದಕ್ಕೇ ಇರುವವನು. ದಪ್ಪಗಿರುವವಳು, ಬೋಳುತಲೆಯವನು, ತೊದಲುವವನು ನಾಯಕನ ಪಕ್ಕದಲ್ಲಿ ನಗೆಪಾಟಲಾಗಲು ಹುಟ್ಟಿದವರು. ಸೊಕ್ಕಿನ ಹುಡುಗಿಯನ್ನು ಪಳಗಿಸುವ ಗಂಡನ ಕತೆಯಂತೂ ಶೇಕ್ಸ್‌ಪಿಯರ್‌ನ ನಾಟಕದಿಂದ ಪರ್ವತವಾಣಿಯವರ ‘ಬಹದ್ದೂರ್ ಗಂಡ’ಕ್ಕೆ, ಅಲ್ಲಿಂದ 1989ರ ‘ನಂಜುಂಡಿ ಕಲ್ಯಾಣ’ಕ್ಕೆ ನಡೆದು ಬಂದ ಕಾಲುದಾರಿ. ಆ ಚಿತ್ರದ ಲವಲವಿಕೆ ನನಗೂ ಇಷ್ಟವೇ. ಆದರೆ ಆಮೇಲೆ ಎಷ್ಟು ಸಿನಿಮಾಗಳು ಲವಲವಿಕೆ ಬಿಟ್ಟು ಪಳಗಿಸುವುದನ್ನು ಮಾತ್ರ ಉಳಿಸಿಕೊಂಡವು! ಬೇಡ ಅಂದ ಹುಡುಗಿಯ ಬೆನ್ನು ಹತ್ತುವುದೇ ಪ್ರೀತಿ ಎಂದು ತೋರಿಸಿದವು. ಇದು ಕವಿಸಮಯ ಅಲ್ಲ. ಚಕೋರ ಬೆಳದಿಂಗಳು ಕುಡಿಯುತ್ತದೆ ಎಂದು ಯಾರೂ ನಂಬಿ ಹಕ್ಕಿಗೆ ಕಾಳು ಹಾಕುವುದನ್ನು ನಿಲ್ಲಿಸಲಿಲ್ಲ. ಆದರೆ ಬೆನ್ನು ಹತ್ತಿದರೆ ಒಲಿಯುತ್ತಾಳೆ ಎಂದು ನಂಬುವ ಹುಡುಗರನ್ನು ನಾನು ಕಂಡಿದ್ದೇನೆ. ಒಪ್ಪಂದದಲ್ಲಿ ಎರಡೂ ಕಡೆಯವರಿಗೆ ಅದು ಸುಳ್ಳೆಂದು ಗೊತ್ತಿರಬೇಕು. ಒಂದು ಕಡೆಯವರು ನಿಜ ಎಂದು ನಂಬಿದರೆ ಅದು ಒಪ್ಪಂದವಾಗಿ ಉಳಿಯುವುದಿಲ್ಲ.

ಇದನ್ನು ತಿರುಗಿಸಿದವರೂ ಇದ್ದಾರೆ. 2017ರ ‘ಒಂದು ಮೊಟ್ಟೆಯ ಕಥೆ’ಯಲ್ಲಿ ರಾಜ್ ಬಿ. ಶೆಟ್ಟಿ ಮಂಗಳೂರಿನ ಬೋಳುತಲೆಯ ಕನ್ನಡ ಉಪನ್ಯಾಸಕನನ್ನೇ ನಾಯಕ ಮಾಡಿದರು. ಪಕ್ಕದಲ್ಲಿ ನಿಂತು ನಗಿಸಬೇಕಾಗಿದ್ದವನು ನಡುಮಧ್ಯಕ್ಕೆ ಬಂದು, ತನ್ನ ಊರಿನ ಕನ್ನಡದಲ್ಲೇ ಮದುವೆಗೆ ಹೆಣ್ಣು ಹುಡುಕಿದ.

ಸಿನಿಮಾದಿಂದ ಭಾಷೆಗೂ ದಾರಿ ಇದೆ, ಅದನ್ನು ಒಂದೇ ಮಾತಲ್ಲಿ ಹೇಳಿ ಮುಂದೆ ಹೋಗುತ್ತೇನೆ. ‘ರೀಲು ಬಿಡಬೇಡ’, ‘ಬಿಲ್ಡಪ್ ಜಾಸ್ತಿ ಆಯ್ತು’, ‘ಫ್ಲ್ಯಾಶ್‌ಬ್ಯಾಕ್ ಬೇಡ, ವಿಷಯಕ್ಕೆ ಬಾ’ ಇವೆಲ್ಲ ಚಿತ್ರಮಂದಿರದಿಂದ ಎದ್ದು ಬಂದು ನಮ್ಮ ಅಡುಗೆಮನೆಯಲ್ಲಿ ಕೂತ ಮಾತುಗಳು. ಫಿಲ್ಮ್ ರೀಲು ಕಣ್ಣಲ್ಲಿ ನೋಡದ ಮಕ್ಕಳೂ ರೀಲು ಬಿಡುತ್ತವೆ.

ಈಗ ನಿಮ್ಮ ದೀಪ. ನಿಮ್ಮ ಗೆಳತಿ ಹೇಳಿದ್ದು ಅರ್ಧ ಸರಿ. ಸಾವಿಗೆ ದೀಪ ಆರುವುದು ಈಗ ‘ಕುಶಲ’ ಪದದ ಹಾಗೆ, ದರ್ಭೆ ಯಾರಿಗೂ ಕಾಣುವುದಿಲ್ಲ. ನೋಡುಗರು ‘ಓ, ಸತ್ತರು’ ಎಂದು ತಿಳಿದುಕೊಂಡು ಮುಂದಕ್ಕೆ ಹೋಗುತ್ತಾರೆ. ನೋವು ತಾಗುವುದಿಲ್ಲ. ಆದರೆ ನಮ್ಮ ಮನೆಗಳಲ್ಲಿ ದೀಪಕ್ಕೆ ಇರುವ ಗೌರವ ಇನ್ನೂ ಸವೆದಿಲ್ಲ. ಎಷ್ಟೋ ಮನೆಗಳಲ್ಲಿ ಈಗಲೂ ‘ದೀಪ ಆರಿಸು’ ಅನ್ನುವುದಿಲ್ಲ, ‘ದೀಪ ಶಾಂತ ಮಾಡು’ ಅನ್ನುತ್ತಾರೆ. ಹೊರಡುವಾಗ ‘ಹೋಗ್ತೀನಿ’ ಅನ್ನದೆ ‘ಹೋಗಿ ಬರ್ತೀನಿ’ ಅನ್ನುವ ಹಾಗೆ. ಆ ಪದ ಬಾಯಿಗೆ ಬಂದರೆ ಸಾವು ಮನೆಗೆ ಬಂದೀತು ಎಂಬ ಅಂಜಿಕೆ ಇನ್ನೂ ಬೆಚ್ಚಗಿದೆ. ಹಾಗಾಗಿ ದೀಪ ಬಿಡಬೇಡಿ. ಅದಕ್ಕೆ ನಿಮ್ಮ ಕತೆಯಲ್ಲಿ ಕೆಲಸ ಕೊಡಿ.

ನಿಮ್ಮನ್ನು ನಾನು ಕೇಳುವುದು ಇಷ್ಟು. ಆ ದೀಪವನ್ನು ದಿನಾ ಹಚ್ಚುತ್ತಿದ್ದವರು ಯಾರು? ನಿಮ್ಮ ಕತೆಯಲ್ಲಿ ಅದಕ್ಕೆ ಉತ್ತರ ಇಲ್ಲದಿದ್ದರೆ ದೀಪ ರೂಢಿಯಿಂದ ಬಂದಿದೆ. ಅಪ್ಪನೇ ಹಚ್ಚುತ್ತಿದ್ದರು ಅಂತ ಇಟ್ಟುಕೊಳ್ಳಿ. ಶುರುವಿನಲ್ಲೇ ಒಮ್ಮೆ ತೋರಿಸಿ. ಸಂಜೆ ಅಂಗಡಿಯಿಂದ ಬಂದು, ಕಾಲು ತೊಳೆದು, ಕೈಯಲ್ಲಿ ಬತ್ತಿ ಹೊಸೆಯುತ್ತಾ ಮಗಳ ಜೊತೆ ಪರೀಕ್ಷೆ ವಿಷಯವೋ ಕರೆಂಟ್ ಬಿಲ್ ವಿಷಯವೋ ಮಾತಾಡುವುದು. ಇನ್ನೊಮ್ಮೆ, ಅವಳು ಆತುರದಲ್ಲಿ ‘ದೀಪ ಆರಿಸ್ಲಾ ಅಪ್ಪ?’ ಅಂದಾಗ ಅವರು ಗದರದೆ, ‘ಶಾಂತ ಮಾಡ್ಲಾ ಅನ್ನು’ ಎಂದು ತಿದ್ದುವುದು. ಅಷ್ಟು ಸಾಕು. ಸಾವಿನ ದೃಶ್ಯದಲ್ಲಿ ಗಾಳಿ ಬೇಡ, ಕಿಟಕಿ ಬಡಿಯುವುದು ಬೇಡ, ದೀಪವೂ ಬೇಡ. ಅಪ್ಪ ತೀರಿಕೊಂಡದ್ದು ಮಧ್ಯಾಹ್ನವೇ ಆಗಲಿ, ಆಸ್ಪತ್ರೆಯಲ್ಲೇ ಆಗಲಿ. ಜನ ಬಂದು ಹೋಗಲಿ. ಹದಿನೈದು ದಿನ ಕಳೆಯಲಿ.

ಆಮೇಲೆ ಒಂದು ಸಂಜೆ ಮಗಳು ದೇವರ ಮನೆಗೆ ಹೋಗಲಿ. ಅಲ್ಲಿ ಎಣ್ಣೆ ತುಂಬಿದ ದೀಪ ಇದೆ. ಪಕ್ಕದ ತಟ್ಟೆಯಲ್ಲಿ ಅಪ್ಪ ಮೊದಲೇ ಹೊಸೆದಿಟ್ಟ ಬತ್ತಿಗಳಿವೆ. ಅವಳು ಅದನ್ನು ಎಣಿಸುತ್ತಾಳೋ, ಒಂದನ್ನು ತೆಗೆದು ಹಚ್ಚುತ್ತಾಳೋ, ಮುಗಿದುಹೋಗುತ್ತದೆ ಎಂದು ಹಚ್ಚದೇ ಬಿಡುತ್ತಾಳೋ, ಅದನ್ನು ನೀವು ಬರೆಯಬೇಕು. ಬರೆದ ಮೇಲೆ ನಿಮ್ಮ ಗೆಳತಿಗೆ ಇನ್ನೊಮ್ಮೆ ಓದಲು ಕೊಡಿ.